ಎಳೆಯರ ನುಡಿಗಲಿಕೆಯೂ ಮಾರುತ್ತರ ಕೊಡುವ ಪರದೆಯೂ

ಎರಡು ವರ್ಷದ ಕೂಸು ಮೊಬೈಲಿನ ಪರದೆಯ ಮೇಲೆ ಆನೆಯ ಚಿತ್ರವನ್ನು ಬೆರಳಿನಿಂದ ಒತ್ತುತ್ತದೆ. "ಆನೆ" ಎಂಬ ಧ್ವನಿ ಹೊರಟೊಡನೆ ಕೇಕೆ ಹಾಕಿ ನಗುತ್ತದೆ. ಮಗು ಮಾತು ಕಲಿಯುತ್ತಿದೆಯೆಂದು ತಂದೆತಾಯಿಗಳು ಹಿಗ್ಗುತ್ತಾರೆ. ಇದರಿಂದ ಮಾತೇ ಹಿಂದಾಗುವುದೆಂದು ಮನೆಯ ಹಿರಿಯರು ಗೊಣಗುತ್ತಾರೆ. ಈ ವ್ಯಾಜ್ಯವನ್ನು ಊಹೆಗೆ ಬಿಡದೆ ಪರೀಕ್ಷೆಯಿಂದ ತೀರ್ಮಾನಿಸಲು ವಿದ್ವಾಂಸರು ಶ್ರಮಿಸಿದ್ದಾರೆ. ಅವರು ಕಂಡುಕೊಂಡುದು ಎರಡು ಪಕ್ಷಕ್ಕೂ ಪೂರ್ಣ ಜಯವನ್ನು ಕೊಡುವುದಿಲ್ಲ.

ಮೊದಲು ಮಾರುತ್ತರ ಕೊಡದ ಪರದೆಯ ಮಾತು. ಅಮೆರಿಕೆಯ ವರ್ಜೀನಿಯಾ ವಿಶ್ವವಿದ್ಯಾಲಯದ ಜೂಡಿ ಡಿಲೋಚ್ ಮತ್ತು ಸಂಗಡಿಗರು 2010ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಶಿಶುಗಳಿಗೆಂದೇ ಮಾರಾಟವಾಗುತ್ತಿದ್ದ ವಿಡಿಯೊವೊಂದನ್ನು 12ರಿಂದ 18 ತಿಂಗಳ ಮಕ್ಕಳು 4 ವಾರ ನೋಡಿದರು. ನೋಡದಿದ್ದ ಮಕ್ಕಳಿಗಿಂತ ಇವರೇನೂ ಹೆಚ್ಚು ಶಬ್ದ ಕಲಿಯಲಿಲ್ಲ. ವಿಡಿಯೊದ ಗೊಡವೆಯೇ ಇಲ್ಲದೆ, ಅದೇ ಶಬ್ದಗಳನ್ನು ದಿನದ ಕೆಲಸಗಳ ನಡುವೆ ತಂದೆತಾಯಿಗಳಿಂದ ಕೇಳಿದ ಮಕ್ಕಳೇ ಎಲ್ಲರಿಗಿಂತ ಮುಂದಿದ್ದರು. ಸೋಜಿಗವೆಂದರೆ, ವಿಡಿಯೊವನ್ನು ತಾವು ಮೆಚ್ಚಿದ ಪಾಲಕರು ತಮ್ಮ ಮಗು ಬಹಳ ಕಲಿಯಿತೆಂದು ನಂಬಿದ್ದರು. ಹಿರಿಯರ ಸಂತೋಷವನ್ನು ಮಗುವಿನ ಜ್ಞಾನವೆಂದು ಎಣಿಸುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ.

ಇನ್ನು ಮಾರುತ್ತರ ಕೊಡುವ ಪರದೆ. 2014ರಲ್ಲಿ ಸಾರಾ ರೋಸ್‌ಬೆರಿ, ಕ್ಯಾಥಿ ಹರ್ಷ್-ಪಾಸೆಕ್, ರಾಬರ್ಟಾ ಗೋಲಿಂಕಾಫ್ ಇವರು 24ರಿಂದ 30 ತಿಂಗಳ 36 ಮಕ್ಕಳಿಗೆ ಅದುವರೆಗೆ ಕೇಳದ ಕ್ರಿಯಾಪದಗಳನ್ನು ಕಲಿಸಿ ನೋಡಿದರು. ಕೆಲವರಿಗೆ ಎದುರಿನಲ್ಲಿ ಕುಳಿತು, ಕೆಲವರಿಗೆ ವಿಡಿಯೊ ಕರೆಯಲ್ಲಿ, ಉಳಿದವರಿಗೆ ಬೇರೆ ಮಗುವಿನೊಡನೆ ನಡೆದ ಮಾತುಕತೆಯ ಮುದ್ರಿಕೆಯನ್ನು ತೋರಿಸಿ. ಮುದ್ರಿಕೆಯಲ್ಲಿ ಅದೇ ಮುಖ, ಅದೇ ನಗು, ಅದೇ ಪ್ರಶ್ನೆ. ಆದರೆ ಉತ್ತರ ಮಾತ್ರ ಈ ಮಗುವಿಗಲ್ಲ. ಮುದ್ರಿಕೆಯನ್ನು ನೋಡಿದವರು ಕಲಿಯಲಿಲ್ಲ. ಕರೆಯಲ್ಲಿ ಕೇಳಿದವರು ಎದುರಿಗೆ ಕೇಳಿದವರಂತೆಯೇ ಕಲಿತರು.

ಮಗು ಬಟ್ಟಲನ್ನು ನೋಡುತ್ತದೆ. ತಾಯಿ ಆ ನೋಟವನ್ನು ಹಿಂಬಾಲಿಸಿ "ಬಟ್ಟಲು" ಎನ್ನುತ್ತಾಳೆ. ಮಗು ಏನೋ ತೊದಲುತ್ತದೆ. ಆಕೆ ಹೂಂಗುಟ್ಟಿ ಅದನ್ನೇ ತಿದ್ದಿ ಮರಳಿ ನುಡಿಯುತ್ತಾಳೆ. ನೋಟವೂ ವಸ್ತುವೂ ಹೆಸರೂ ಒಂದೇ ಕ್ಷಣದಲ್ಲಿ ಕೂಡುತ್ತವೆ. ಹೊತ್ತಿಗೆ ಸರಿಯಾದ ಈ ಮಾರುತ್ತರವೇ ಕಲಿಕೆಯ ಜೀವಾಳವೆಂದು ನಮಗೆ ತೋರುತ್ತದೆ.

ಹಾಗಾದರೆ ಬೆರಳಿಗೆ ಓಗೊಡುವ ಯಂತ್ರವೂ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆದರ್ ಕರ್ಕೋರಿಯನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ, 24ರಿಂದ 36 ತಿಂಗಳ 116 ಮಕ್ಕಳ ಅಧ್ಯಯನ ಇದನ್ನೇ ವಿಚಾರಿಸಿತು. ಪರದೆಯ ಎಲ್ಲಿ ಮುಟ್ಟಿದರೂ ಆಟ ಸಾಗುವಂತಿದ್ದಾಗ ಕಿರಿಯರಿಗೆ ಫಲವಾಗಲಿಲ್ಲ. ಹೆಸರಿಗೆ ಸಂಬಂಧಪಟ್ಟ ಜಾಗವನ್ನೇ ಮುಟ್ಟಬೇಕಾದಾಗ ಅವರು ಕಲಿತರು. ಸ್ವಲ್ಪ ದೊಡ್ಡವರಿಗೆ ಅದೇ ನಿಯಮ ಅಡ್ಡಿಯಾಯಿತು. ಅವರು ಸುಮ್ಮನೆ ನೋಡಿಯೇ ಕಲಿಯಬಲ್ಲವರಾಗಿದ್ದರು. ಆದುದರಿಂದ "ಸಂವಾದಾತ್ಮಕ" ಎಂಬ ಹಣೆಪಟ್ಟಿಯನ್ನು ಕಂಡು ಪಾಲಕರು ಮರುಳಾಗಬಾರದು. ಗಂಟೆ ಬಾರಿಸುವ, ಬಣ್ಣ ಚೆಲ್ಲುವ ಆಟಗಳಲ್ಲಿ ಬೆರಳಿಗೆ ಕೆಲಸವಿದೆ, ಹೆಸರಿಗಿಲ್ಲ.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೊರಡಿಸಿದ ಸೂಚನೆಯಂತೆ 2 ವರ್ಷದೊಳಗಿನವರಿಗೆ ಪರದೆಯೇ ಬೇಡ. ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ಮಾಡುವ ವಿಡಿಯೊ ಕರೆಗೆ ಮಾತ್ರ ವಿನಾಯಿತಿ. 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆಯೇ ಮಿತಿ.

ಆ ವಿನಾಯಿತಿ ನಮ್ಮ ಓದುಗರಲ್ಲಿ ಅನೇಕರಿಗೆ ಸಂಬಂಧಪಟ್ಟುದು. ಮೊಮ್ಮಕ್ಕಳು ಡಲ್ಲಾಸಿನಲ್ಲೋ ಲಂಡನ್ನಿನಲ್ಲೋ ಬೆಳೆಯುತ್ತಿರುವ ಮನೆಗಳಲ್ಲಿ ಅಜ್ಜಿಯ ಕನ್ನಡ ಕೂಸಿನ ಕಿವಿಗೆ ಬೀಳುವುದು ಬಹುಮಟ್ಟಿಗೆ ಈ ಕಿಂಡಿಯಿಂದಲೇ. ಕೂಸು ತೋರಿಸಿದ ವಸ್ತುವನ್ನೇ ಅಜ್ಜಿ ಹೆಸರಿಸಲಿ. ಹೇಳಿ, ಅದರ ಉತ್ತರಕ್ಕೆ ತುಸು ಕಾಯಲಿ. ಇತ್ತ ಬಾಳೆಹಣ್ಣನ್ನು ಹಿಡಿದು ತೋರಿದಾಗ ಅತ್ತ ತಾಯಿ ಅಂಥದೇ ಹಣ್ಣೊಂದನ್ನು ಕೂಸಿನ ಕೈಗಿಡಲಿ. ಸಂಪರ್ಕ ತಡವರಿಸಿ ಮಾತು ಹಿಂದೆ ಬೀಳುತ್ತಿದ್ದರೆ ಆ ಕರೆಯನ್ನು ನಿಲ್ಲಿಸಿ ಸಂಜೆ ಮತ್ತೊಮ್ಮೆ ಮಾಡುವುದು ಲೇಸು.