ರಾಣಿಯನ್ನು ಬಿಟ್ಟು ಆನೆಯನ್ನು ಆರಿಸಿದ ಗುರುಗಳು

ಚದುರಂಗ ಆಡುವ ಮಕ್ಕಳು ಇಂದು ನಮ್ಮ ಅನೇಕ ಕುಟುಂಬಗಳಲ್ಲಿದ್ದಾರೆ. “ದಿನಾ ಆಡುತ್ತಾನೆ, ಆದರೂ ಸೋಲುತ್ತಾನೆ” ಎಂದು ಹೆತ್ತವರು ಕೊರಗುವುದುಂಟು. ಆಡುವುದು ಬೇರೆ, ಕಲಿಯುವುದು ಬೇರೆ. ಆಟ ಸುಧಾರಿಸಬೇಕಾದರೆ ತಂತ್ರಗಳ ಅಭ್ಯಾಸ ಬೇಕು.

ತಂತ್ರವೆಂದರೆ ಕೆಲವೇ ನಡೆಗಳಲ್ಲಿ ಲಾಭ ತರುವ ಯುಕ್ತಿ. ಒಂದೇ ಕುದುರೆ ರಾಜನಿಗೂ ಆನೆಗೂ ಒಟ್ಟಿಗೆ ಗುರಿಯಿಟ್ಟರೆ ಅದು ‘ಫೋರ್ಕ್’. ಕದಲಿದರೆ ಹಿಂದಿರುವ ರಾಜನಿಗೆ ಅಪಾಯವೆಂದು ಒಂದು ಕಾಯಿ ಕಟ್ಟುಬಿದ್ದರೆ ಅದು ‘ಪಿನ್’.

1895ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾರಪತ್ರಿಕೆಯೊಂದರಲ್ಲಿ ಒಂದು ಚದುರಂಗ ಸಮಸ್ಯೆ ಪ್ರಕಟವಾಯಿತು. ಆಟ ಸಮವಾಗುತ್ತದೆ ಎಂಬುದೇ ಅಂಕಣಕಾರರ ಉತ್ತರ. ಆಗ ಅಲ್ಲಿದ್ದ ಸ್ಪೇನಿನ ಯಾಜಕ ಫಾದರ್ ಫರ್ನಾಂಡೊ ಸಾವೆದ್ರಾ, ಬಿಳಿಯ ಪಕ್ಷ ಗೆಲ್ಲುತ್ತದೆಂದು ತೋರಿಸಿದರು. ಅವರೇನೂ ಹೆಸರಾಂತ ಆಟಗಾರರಲ್ಲ.

ಬಿಳಿಯ ಕಾಲಾಳು ಕೊನೆಯ ಮನೆ ತಲುಪುತ್ತದೆ. ಯಾರಾದರೂ ಅದನ್ನು ರಾಣಿಯನ್ನಾಗಿಯೇ ಮಾಡುತ್ತಾರೆ. ಕರಿಯವನು ಕಾದಿರುವುದೂ ಅದಕ್ಕೇ. ಅವನು ತನ್ನ ಆನೆಯನ್ನು ಬಲಿಕೊಟ್ಟು ಚೆಕ್ ಕೊಡುತ್ತಾನೆ. ರಾಣಿ ಅದನ್ನು ಹೊಡೆದರೆ ಕರಿಯ ರಾಜನಿಗೆ ನಡೆಯೇ ಉಳಿಯದೆ ಆಟ ಸಮ. ಫಾದರ್ ಸಾವೆದ್ರಾ ರಾಣಿಯನ್ನು ಬಿಟ್ಟು ಆನೆಯನ್ನು ಆರಿಸಿದರು. ಅದರ ಮುಂದಿನ ನಡೆಗೇ ಮಾತ್. ತಪ್ಪಿಸಲು ಕರಿಯ ಆನೆ ಓಡಿಬಂದರೆ, ಬಿಳಿಯ ರಾಜ ಒಂದು ಹೆಜ್ಜೆ ಇಟ್ಟು ಎರಡು ಬೆದರಿಕೆ ಒಡ್ಡುತ್ತಾನೆ: ಆನೆಯನ್ನು ಹೊಡೆಯುವುದು, ಇಲ್ಲವೇ ಮಾತ್. ಎರಡನ್ನೂ ತಡೆಯಲಾಗದು.

ಇಂಥ ಕಣ್ಣು ಒಂದೇ ದಿನದಲ್ಲಿ ಬರುವುದಿಲ್ಲ. ದಿನಕ್ಕೆ ಐದಾರು ಸಮಸ್ಯೆ ಸಾಕು. ಕಾಯಿ ಮುಟ್ಟದೆ ಕೊನೆಯವರೆಗೂ ಮನಸ್ಸಿನಲ್ಲೇ ಬಿಡಿಸಬೇಕು. ಚೆಕ್ ಉಂಟೇ? ಹೊಡೆಯುವ ಕಾಯಿ ಉಂಟೇ? ಬೆದರಿಕೆ ಉಂಟೇ? ಇದೇ ಪ್ರಶ್ನೆಗಳನ್ನು ಎದುರಾಳಿಯ ಕಡೆಯಿಂದಲೂ ಕೇಳಿಕೊಳ್ಳಬೇಕು. ತಪ್ಪಿದ್ದನ್ನು ಗುರುತು ಹಾಕಿಟ್ಟು, ವಾರದ ನಂತರ ಮತ್ತೆ ಬಿಡಿಸಬೇಕು. ಉತ್ತರವನ್ನು ಮೊದಲೇ ನೋಡುವವನು ಉತ್ತರ ಕಲಿಯುತ್ತಾನೆ, ನೋಡುವುದನ್ನು ಕಲಿಯುವುದಿಲ್ಲ.

ಅವಿಲಾದ ಸಂತ ತೆರೇಸಾ ಕೂಡ ತಮ್ಮ ಸಹೋದರಿಯರಿಗೆ ಪ್ರಾರ್ಥನಾ ಜೀವನ ಕಲಿಸುವಾಗ ಚದುರಂಗದ ಉದಾಹರಣೆ ಕೊಟ್ಟು, ದೀನತೆಯನ್ನು ರಾಣಿಗೆ ಹೋಲಿಸಿದರು. ಓದು, ಉದ್ಯೋಗ, ಮದುವೆ, ಮನೆ, ಎಲ್ಲದರಲ್ಲೂ ಕೈಗೆಟುಕಿದ ದೊಡ್ಡದನ್ನೇ ಹಿಡಿಯುವ ಆತುರ ನಮ್ಮದು. ಮುಂದಿನ ಎರಡು ನಡೆಗಳನ್ನು ನೋಡಿದವನಿಗೆ, ಕೆಲವೊಮ್ಮೆ ಚಿಕ್ಕದೇ ಸರಿಯೆಂದು ಕಾಣುತ್ತದೆ.

ಈ ಭಾನುವಾರ ಸಂಜೆ ಮಣೆಯ ಮೇಲೆ ಜೋಡಿಸಿ: ಬಿಳಿಯ ರಾಜ ಬಿ6, ಕಾಲಾಳು ಸಿ6, ಕರಿಯ ರಾಜ ಎ1, ಆನೆ ಡಿ5. ಮೊದಲ ನಡೆ ಬಿಳಿಯದು. ಮಕ್ಕಳ ಜೊತೆ ಕೂತು ಬಿಡಿಸಿ. ಅವಸರ ಬೇಡ.