ಲೈಡನ್‌ನ ತಂತಿ, ಕಮಲಾಪುರದ ರಸ್ತೆ

ದೂರ ಕೂತವರು ರೋಗಿಯ ಇಸಿಜಿ ನೋಡುವುದು ಮೊಬೈಲ್ ಕಾಲದ ಪದ್ಧತಿಯಲ್ಲ. ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ವಿಲ್ಲೆಮ್ ಐಂತೋವನ್ ಕಟ್ಟಿದ ಇಸಿಜಿ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು; ನಡೆಸಲು ಐದು ಜನ ಬೇಕಿತ್ತು. ಅದನ್ನು ರೋಗಿಯ ಬಳಿಗೆ ಒಯ್ಯುವಂತಿರಲಿಲ್ಲ. 1905ರಲ್ಲಿ ಅವರು ಒಂದೂವರೆ ಕಿ.ಮೀ. ದೂರದ ಆಸ್ಪತ್ರೆಗೂ ತಮ್ಮ ಪ್ರಯೋಗಾಲಯಕ್ಕೂ ಟೆಲಿಫೋನ್ ತಂತಿ ಜೋಡಿಸಿದರು. ಉಪ್ಪುನೀರಿನ ಪಾತ್ರೆಯಲ್ಲಿ ಕೈಕಾಲು ಅದ್ದಿ ರೋಗಿ ಅಲ್ಲಿ ಕೂತರೆ, ಹೃದಯದ ವಿದ್ಯುತ್ತು ಇಲ್ಲಿ ಗೆರೆಯಾಗಿ ಮೂಡುತ್ತಿತ್ತು.

ಹಾರ್ಟ್ ಅಟ್ಯಾಕ್ ಆ ಗೆರೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು 1920ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡೀ ವಿವರಿಸಿದರು. ರಕ್ತನಾಳ ಕಟ್ಟಿಕೊಂಡಾಗ ಮೊದಲು ಪ್ರತಿ ಬಡಿತದ ಗೆರೆಯ ಕೊನೆಯ ಉಬ್ಬಾದ ಟಿ ಅಲೆ ಎತ್ತರವಾಗಿ ಚೂಪಾಗಬಹುದು. ಆಮೇಲೆ ಅದಕ್ಕೆ ಮುಂಚಿನ ಎಸ್‌ಟಿ ಭಾಗ ಸಮರೇಖೆ ಬಿಟ್ಟು ಮೇಲೇಳುತ್ತದೆ. ಉಸಿರುಗಟ್ಟಿದ ಸ್ನಾಯುವಿನಿಂದ ಪೊಟ್ಯಾಸಿಯಂ ಸೋರಿ, ನೊಂದ ಭಾಗಕ್ಕೂ ಆರೋಗ್ಯದ ಭಾಗಕ್ಕೂ ನಡುವೆ ವಿದ್ಯುತ್ ಹರಿಯುವುದೇ ಇದಕ್ಕೆ ಕಾರಣ. ಗಂಟೆಗಳು ಕಳೆದಂತೆ ಆಳವಾದ ಕ್ಯೂ ಅಲೆ ಕಾಣಿಸುತ್ತದೆ. ಸತ್ತ ಸ್ನಾಯುವಿನಲ್ಲಿ ವಿದ್ಯುತ್ತು ಇರುವುದಿಲ್ಲವಲ್ಲ. ದಿನಗಳಲ್ಲಿ ಎಸ್‌ಟಿ ಕೆಳಗಿಳಿದು ಟಿ ತಲೆಕೆಳಗಾಗುತ್ತದೆ. ಕ್ಯೂ ಮಾತ್ರ ಎಷ್ಟೋ ಜನರಲ್ಲಿ ಜೀವಮಾನವಿಡೀ ಉಳಿಯುತ್ತದೆ. ಮೊದಲ ಇಸಿಜಿ ನಾರ್ಮಲ್ ಬಂದರೂ ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಮತ್ತೆ ತೆಗೆಯಬೇಕಾದದ್ದು ಗೆರೆ ಹೀಗೆ ಹಂತಹಂತವಾಗಿ ಬದಲಾಗುವುದಕ್ಕೇ.

ನಮ್ಮ ಭಾಗದಲ್ಲಿ ಹೃದಯ ಚಿಕಿತ್ಸೆಗೆ ದೊಡ್ಡ ನೆಲೆ ಸಿಕ್ಕಿದ್ದು ಈಚೆಗೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ 2024ರ ಡಿಸೆಂಬರ್ 22ರಂದು ಉದ್ಘಾಟನೆಯಾಯಿತು. ಹಾಸಿಗೆಗಳು 371; ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ದಶಕಗಟ್ಟಲೆ ಹೋರಾಡಿದ ನಾಡಿಗೆ ಆ ಸಂಖ್ಯೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ, ಲೈಡನ್‌ನ ಆ ತಂತಿಯನ್ನೇ ರಾಜ್ಯದಗಲಕ್ಕೆ ಎಳೆದಂತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಅಟ್ಯಾಕ್ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಹೊರಗೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಕಲಬುರಗಿಯಿಂದ 40 ಕಿ.ಮೀ. ಒಳಗೇ ಇದೆ. ರಸ್ತೆ ದೊಡ್ಡ ಅಡ್ಡಿಯಲ್ಲ. ಹೊತ್ತು ಹೋಗುವುದು ಮನೆಯಲ್ಲಿ: ‘ಗ್ಯಾಸ್ ಆಗ್ಯಾದ’ ಎಂದು ಸೋಡಾ ಕುಡಿಸಿ, ಬೆಳಗಾಗಲಿ ಎಂದು ಕಾಯುವಲ್ಲಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಬೆವರು, ಏದುಸಿರು ಬರುವುದೂ ಉಂಟು. ಪ್ರಾಣ ತೆಗೆಯುವ ಲಯ ತಪ್ಪುವಿಕೆ ಹೆಚ್ಚಾಗಿ ಎರಗುವುದು ಈ ಮೊದಲ ಗಂಟೆಗಳಲ್ಲೇ. ಆಸ್ಪತ್ರೆ ಮುಟ್ಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುತ್ತದೆ ವೈದ್ಯರ ನಿಯಮ. ಮನೆಯ ಗಡಿಯಾರಕ್ಕೆ ಅಂಥ ನಿಯಮವಿಲ್ಲ.

ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ 60ರಿಂದ 90 ನಿಮಿಷಕ್ಕೆ ಮತ್ತೊಂದು ಇಸಿಜಿ ತೆಗೆಯುತ್ತಾರೆ. ಎದ್ದ ಎಸ್‌ಟಿ ಅರ್ಧದಷ್ಟಾದರೂ ಇಳಿದಿರಬೇಕು. ಇಲ್ಲವಾದರೆ ತಡಮಾಡದೆ ಆಂಜಿಯೋಪ್ಲಾಸ್ಟಿಗೆ ಒಯ್ಯಬೇಕು. ಮನೆಗೆ ಮರಳಿದವರು ಆ ಇಸಿಜಿ ಪಟ್ಟಿಗಳನ್ನು ಬಿಸಾಡಬಾರದು. ಮುಂದೆಂದೋ ಎದೆ ನೊಂದಾಗ, ಕಾಣುವ ಕ್ಯೂ ಅಲೆ ಹಳೆಯದೋ ಹೊಸದೋ ಎಂದು ತಿಳಿಯಲು ವೈದ್ಯರಿಗೆ ಹಳೇ ಪಟ್ಟಿ ಬೇಕು. ಆ ಕಾಗದದ ಗೆರೆ ವರ್ಷ ಕಳೆದಂತೆ ಮಾಸುವುದರಿಂದ ಒಂದು ಜೆರಾಕ್ಸ್ ಮಾಡಿಸಿ ಇಡಿ.