ಬಿ ಸೈಡಿನಿಂದ ಬೀದಿಗೆ

1974ರ ಕೊನೆಯ ತಿಂಗಳುಗಳಲ್ಲಿ ಮೊದಲು ಬ್ರಿಟನ್ನಿನ, ಆಮೇಲೆ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿದ ‘ಕುಂಗ್ ಫೂ ಫೈಟಿಂಗ್’ ಎಂಬ ನೃತ್ಯಗೀತೆಯನ್ನು ಬರೆದು ಹಾಡಿದವರು ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಆದರೂ, ಅದನ್ನು ಸ್ಟುಡಿಯೊದಲ್ಲಿ ರೂಪಿಸಿ ಹೊರತಂದ ನಿರ್ಮಾಪಕರು 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ. ಡಿಸ್ಕೊ ಮತ್ತು ಫಂಕ್ ಎಂಬ ಎರಡು ಅಮೆರಿಕನ್ ಶೈಲಿಗಳು ಬೆರೆತ ಈ ಬಗೆಯ ಹಾಡಿಗೂ ರಾಜಾಜಿನಗರ, ವಿಜಯನಗರದ ಗಣೇಶೋತ್ಸವದ ವೇದಿಕೆಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ನೃತ್ಯಗೀತೆಯ ಯೋಗ್ಯತೆಯನ್ನು ತೀರ್ಮಾನಿಸುವವರು ಅದನ್ನು ಮಾಡಿದವರಲ್ಲ, ಮಾರಿದವರಲ್ಲ, ಬಾನುಲಿಯವರೂ ಅಲ್ಲ, ಕುಣಿಯುವವರೇ ಎಂಬ ಮಾತಿಗೆ ಲಂಡನ್ನಿನ ಕ್ಲಬ್ಬುಗಳಷ್ಟೇ ಬಲವಾದ ಸಾಕ್ಷ್ಯ ಪಶ್ಚಿಮ ಬೆಂಗಳೂರಿನ ಬೀದಿಗಳಲ್ಲೂ ಸಿಗುತ್ತದೆ.

ಸಿಂಗಲ್ ಎಂದರೆ ಇಡೀ ಆಲ್ಬಮ್ಮಿನ ಭಾಗವಾಗಿ ಅಲ್ಲದೆ, ಒಂದೇ ಹಾಡನ್ನು ಮುಂದಿಟ್ಟು ಬಿಡುಗಡೆ ಮಾಡುವ ಧ್ವನಿಮುದ್ರಿಕೆ. ಆಗಿನ ರೂಢಿಯಂತೆ ಅದು ಏಳು ಅಂಗುಲ ವ್ಯಾಸದ, ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ತಟ್ಟೆಯಾಗಿದ್ದು, ಕಂಪನಿ ನಂಬಿಕೆಯಿಟ್ಟ ಹಾಡು ಎ ಸೈಡಿನಲ್ಲಿಯೂ ಜಾಗ ತುಂಬಲು ಹಾಕಿದ ಹಾಡು ಬಿ ಸೈಡಿನಲ್ಲಿಯೂ ಇರುತ್ತಿತ್ತು. ಫಂಕ್ ಶೈಲಿಯನ್ನು ನೆಲೆಗೊಳಿಸಿದ ಜೇಮ್ಸ್ ಬ್ರೌನ್ ಅವರ ವಾದ್ಯವೃಂದದಲ್ಲಿ ಆವರ್ತದ ಮೊದಲ ಎಣಿಕೆಗೆ ಹೆಚ್ಚಿನ ಒತ್ತು ಬೀಳುತ್ತಿತ್ತು. ಉಳಿದ ಎಣಿಕೆಗಳ ನಡುವೆ ಬೇಸ್ ಗಿಟಾರ್, ಅಂದರೆ ಮಂದ್ರಸ್ವರಗಳಿಗೆಂದೇ ಇರುವ ದಪ್ಪ ತಂತಿಯ ಗಿಟಾರ್, ತುಂಡುತುಂಡಾದ ಸ್ವರಗುಚ್ಛಗಳನ್ನು ನುಡಿಸಿ ಬೇಕೆಂದೇ ಖಾಲಿ ಜಾಗ ಬಿಡುತ್ತಿತ್ತು. ಡಿಸ್ಕೊ ಈ ಒತ್ತನ್ನು ಸಮವಾಗಿ ಹಂಚಿತು. ಡ್ರಮ್ ಸೆಟ್ಟಿನಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ನಾಲ್ಕೂ ಎಣಿಕೆಗಳಲ್ಲಿ ಬೀಳುತ್ತದೆ, ಹೈಹ್ಯಾಟ್ ಎಂಬ ಜೋಡಿ ತಾಳದ ತಟ್ಟೆ ಎಣಿಕೆಗಳ ನಡುವಿನ ಎಡೆಯಲ್ಲಿ ತೆರೆದು ಮುಚ್ಚುತ್ತದೆ. ಹೆರಾಲ್ಡ್ ಮೆಲ್ವಿನ್ ಮತ್ತು ಬ್ಲೂ ನೋಟ್ಸ್ ತಂಡದ 1973ರ ಒಂದು ಹಾಡಿನಲ್ಲಿ ಫಿಲಡೆಲ್ಫಿಯಾದ ಡ್ರಮ್ ವಾದಕ ಅರ್ಲ್ ಯಂಗ್ ನುಡಿಸಿದ ಮಾದರಿ ಇದಕ್ಕೆ ಮೂಲವೆಂದು ಸಂಗೀತ ಚರಿತ್ರಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಆದಿತಾಳಕ್ಕೆ ಕೈ ತಟ್ಟಿ ಅಭ್ಯಾಸವಿರುವ ಕೇಳುಗರಿಗೆ ಇದು ತೀರ ಬಡ ಲೆಕ್ಕಾಚಾರವೆಂದು ತೋರಿದರೆ ತಪ್ಪೇನಿಲ್ಲ. ಆದರೆ ಸಮ ಯಾವುದು, ಪೆಟ್ಟು ಯಾವುದು ಎಂದು ಯೋಚಿಸುವ ಅಗತ್ಯವೇ ಇಲ್ಲದೆ ಯಾರು ಬೇಕಾದರೂ ಯಾವ ಎಣಿಕೆಯಲ್ಲಿ ಬೇಕಾದರೂ ಹೆಜ್ಜೆ ಇಡಬಹುದಾದ ಸೌಲಭ್ಯ ಹುಟ್ಟಿದ್ದು ಈ ಬಡತನದಿಂದಲೇ.

ಬಿದ್ದು ಅವರ ಸಂಗೀತ ಕಲಿಕೆ ನಡೆದದ್ದು ಶಾಸ್ತ್ರೀಯ ಪಾಠದಲ್ಲಲ್ಲ, ರೇಡಿಯೊ ಸಿಲೋನ್‌ನ ಇಂಗ್ಲಿಷ್ ಹಾಡುಗಳಲ್ಲಿ ಮತ್ತು ಗೆಳೆಯರೊಂದಿಗೆ ಕಟ್ಟಿದ ‘ಟ್ರೋಜನ್ಸ್’ ಎಂಬ ಬ್ಯಾಂಡಿನಲ್ಲಿ. ದಂಡು ಪ್ರದೇಶದ ಇಂಗ್ಲಿಷ್ ವಾತಾವರಣವೇ ಅಂಥ ಬ್ಯಾಂಡುಗಳಿಗೆ ಬೆಂಗಳೂರಿನಲ್ಲಿ ನೆಲೆ ಒದಗಿಸಿತ್ತು. ತಂಡ ಚದುರಿದ ಮೇಲೆ ಮುಂಬಯಿಯಲ್ಲಿ ‘ಲೋನ್ ಟ್ರೋಜನ್’ ಎಂಬ ಹೆಸರಿನಲ್ಲಿ ಒಬ್ಬರೇ ಹಾಡಿದ ಅವರು 1967ರಲ್ಲಿ ಇಂಗ್ಲೆಂಡಿಗೆ ಹೊರಟರು. ಅಲ್ಲಿ ಗಾಯಕನಾಗುವುದಕ್ಕಿಂತ ನಿರ್ಮಾಪಕನಾಗುವುದೇ ಅವರ ದಾರಿಯಾಯಿತು. ಪಾಶ್ಚಾತ್ಯ ಧ್ವನಿಮುದ್ರಣ ಉದ್ಯಮದಲ್ಲಿ ನಿರ್ಮಾಪಕನೆಂದರೆ ಹಣ ಹೂಡುವವನಲ್ಲ. ಹಾಡನ್ನು ಆರಿಸಿ, ವಾದ್ಯಗಾರರನ್ನು ಗೊತ್ತುಮಾಡಿ, ಯಾವ ಧ್ವನಿ ಎಷ್ಟು ಮುಂದೆ ಕೇಳಿಸಬೇಕೆಂದು ನಿರ್ಧರಿಸುವವನು ಅವನು. ಕನ್ನಡ ಚಿತ್ರರಂಗದಲ್ಲಿ ಸಂಗೀತ ನಿರ್ದೇಶಕರು ಮಾಡುವ ಕೆಲಸದ ಬಹುಭಾಗ ಅವನ ಪಾಲಿಗೆ ಬರುತ್ತದೆ.

‘ಕುಂಗ್ ಫೂ ಫೈಟಿಂಗ್’ ಹುಟ್ಟಿದ ಬಗೆಯನ್ನು ಬಿದ್ದು ಅವರೇ ಹಲವು ಬಾರಿ ವಿವರಿಸಿದ್ದಾರೆ. ಲ್ಯಾರಿ ವೈಸ್ ಬರೆದ ಬೇರೊಂದು ಹಾಡನ್ನು ಡಗ್ಲಸ್ ಅವರಿಂದ ಹಾಡಿಸಲು ಸ್ಟುಡಿಯೊವನ್ನು ಮೂರು ಗಂಟೆಯ ಅವಧಿಗೆ ಗೊತ್ತುಮಾಡಲಾಗಿತ್ತು. ಎ ಸೈಡಿಗೆಂದು ಇಟ್ಟುಕೊಂಡಿದ್ದ ಆ ಹಾಡೇ ಎರಡು ಗಂಟೆಗೂ ಹೆಚ್ಚು ಹೊತ್ತನ್ನು ನುಂಗಿತು. ವಿರಾಮದ ಬಳಿಕ ಉಳಿದ ಚೂರು ಸಮಯದಲ್ಲಿ ಬಿ ಸೈಡಿಗೆ ಏನಾದರೂ ಬೇಕಾದಾಗ, ಡಗ್ಲಸ್ ತಾವು ಬರೆದಿಟ್ಟಿದ್ದ ಕೆಲವು ಸಾಹಿತ್ಯಗಳನ್ನು ಮುಂದಿಟ್ಟರು. ಬ್ರೂಸ್ ಲೀ 1973ರ ಜುಲೈನಲ್ಲಿ ತೀರಿಕೊಂಡು, ಮುಂದಿನ ತಿಂಗಳೇ ‘ಎಂಟರ್ ದಿ ಡ್ರ್ಯಾಗನ್’ ತೆರೆಕಂಡು, ಕುಂಗ್ ಫೂ ಹುಚ್ಚು ಎಲ್ಲೆಡೆ ಹಬ್ಬಿದ್ದ ಕಾಲವದು; ಬಿದ್ದು ಅದೇ ವಿಷಯದ ಸಾಹಿತ್ಯವನ್ನು ಆರಿಸಿದರು. ಸುಮಾರು ಹತ್ತು ನಿಮಿಷಗಳಲ್ಲಿ, ಎರಡೇ ಟೇಕ್‌ಗಳಲ್ಲಿ ಮುದ್ರಣ ಮುಗಿಯಿತು. ಹೇಗಿದ್ದರೂ ಯಾರೂ ಕೇಳದ ಬದಿಯೆಂಬ ಧೈರ್ಯದಿಂದಲೇ ಹೊಡೆದಾಟದ ‘ಹೂ’, ‘ಹಾ’ ಉದ್ಗಾರಗಳನ್ನು ಅತಿರೇಕಕ್ಕೆ ಒಯ್ಯಲಾಯಿತಂತೆ. ಕೇಳುಗರ ನೆನಪಿನಲ್ಲಿ ಕೊನೆಗೆ ಅಂಟಿಕೊಂಡದ್ದು ಅವೇ. ಗಂಭೀರವಾಗಿ ತಿದ್ದಿ ತೀಡಿದ ಎ ಸೈಡಿನ ಹಾಡನ್ನು ಇಂದು ಹೆಸರಿಸುವವರೂ ಅಪರೂಪ.

ಪೈ ರೆಕಾರ್ಡ್ಸ್ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಎರಡನ್ನೂ ಕೇಳಿ, ಬದಿಗಳನ್ನು ಅದಲುಬದಲು ಮಾಡಲೇಬೇಕೆಂದು ಪಟ್ಟು ಹಿಡಿದರು. ಬಿಡುಗಡೆಯಾದ ಮೊದಲ ಕೆಲವು ವಾರ ರೇಡಿಯೊ ಕೇಂದ್ರಗಳು ಹಾಡನ್ನು ಮುಟ್ಟಲಿಲ್ಲ. ಆದರೆ ನೃತ್ಯದ ಕ್ಲಬ್ಬುಗಳಲ್ಲಿ ಡಿಸ್ಕ್ ಜಾಕಿಗಳು, ಅಂದರೆ ತಟ್ಟೆಗಳನ್ನು ಒಂದರ ಬೆನ್ನಿಗೆ ಒಂದು ಹಾಕುತ್ತ ಸಭೆಯ ಹುಮ್ಮಸ್ಸನ್ನು ಏರಿಳಿಸುವವರು, ಅದನ್ನು ಮತ್ತೆ ಮತ್ತೆ ಹಾಕಿದರು. ಕುಣಿದವರು ಮರುದಿನ ಅಂಗಡಿಗೆ ಹೋಗಿ ಕೇಳಿದರು. ಬಾನುಲಿ ಅವರ ಹಿಂದೆ ಬಂದಿತು. 1974ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿಯೂ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಅದು ಮೊದಲ ಸ್ಥಾನ ಪಡೆದು, ಒಟ್ಟು ಮಾರಾಟ ಒಂದು ಕೋಟಿ ಪ್ರತಿಗಳನ್ನು ದಾಟಿತೆಂದು ಅಂದಾಜಿಸಲಾಗಿದೆ. ಅದರ ಆರಂಭದ ‘ಚೀನೀ’ ಸ್ವರಗುಚ್ಛ ಚೀನದ ಸಂಗೀತಕ್ಕಿಂತ ಪಾಶ್ಚಾತ್ಯರ ಕಲ್ಪನೆಯ ಚೀನಕ್ಕೆ ಹೆಚ್ಚು ಹತ್ತಿರವಾದದ್ದು, ಸಾಹಿತ್ಯವೂ ಅಷ್ಟೇ ತೆಳು ಎಂಬುದನ್ನು ಮುಚ್ಚಿಡಬೇಕಿಲ್ಲ. ಆ ಹಾಡಿನ ಬಲವಿರುವುದು ಕಿಕ್, ಬೇಸ್ ಮತ್ತು ತಂತಿವಾದ್ಯಗಳ ಹೆಣಿಗೆಯಲ್ಲಿ.

ಡಿಸ್ಕೊ ಭಾರತಕ್ಕೆ ಮನೆಯ ಹಾಡಾಗಿ ಬಂದ ಹೊತ್ತಿಗೆ ಅಮೆರಿಕದಲ್ಲಿ ಅದರ ವಿರುದ್ಧ ಹಗೆ ಎದ್ದಿತ್ತು. 1979ರ ಜುಲೈ 12ರಂದು ಶಿಕಾಗೊ ನಗರದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೊ ತಟ್ಟೆಗಳನ್ನು ಪೇರಿಸಿ ಸಿಡಿಸಲಾಗಿತ್ತು. ಅದರ ಮರುವರ್ಷವೇ, ಬೆಂಗಳೂರಿನಲ್ಲಿಯೇ ಹುಟ್ಟಿದ ಫಿರೋಜ್ ಖಾನ್ ತಮ್ಮ ‘ಕುರ್ಬಾನಿ’ ಚಿತ್ರಕ್ಕೆ ಬಿದ್ದು ಅವರಿಂದ ‘ಆಪ್ ಜೈಸಾ ಕೋಯಿ’ ಹಾಡನ್ನು ಮಾಡಿಸಿ, ಹದಿಹರೆಯದ ನಾಜಿಯಾ ಹಸನ್ ಅವರ ದನಿಯಲ್ಲಿ ಲಂಡನ್ನಿನಲ್ಲಿ ಮುದ್ರಿಸಿದರು. ಚಿತ್ರದ ಉಳಿದ ಹಾಡುಗಳು ಕಲ್ಯಾಣಜಿ-ಆನಂದಜಿ ಅವರವು. ಹೊರಗಿನಿಂದ ತಂದು ಕೂಡಿಸಿದ ಈ ಒಂದೇ ಹಾಡು ಬಿಡಿಯಾಗಿ ಮೆರೆದ ರೀತಿ ನೋಡಿದರೆ, ಭಾರತೀಯ ಚಿತ್ರಗೀತೆಗಳಲ್ಲಿ ಪಾಶ್ಚಾತ್ಯ ಅರ್ಥದ ಸಿಂಗಲ್‌ಗೆ ಅತಿ ಸಮೀಪದ ಉದಾಹರಣೆ ಅದೇ ಎನ್ನಬಹುದು.

ಕನ್ನಡದ ದಾರಿ ಬೇರೆ, ಮತ್ತು ಅದು ಬಿದ್ದು ಅವರ ಮೂಲಕ ಹಾದುಬಂದದ್ದಲ್ಲ. 1978ರಲ್ಲಿ ದೊರೆ-ಭಗವಾನ್ ನಿರ್ದೇಶನದ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕಾಗಿ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಡಾ. ರಾಜಕುಮಾರ್ ‘ಇಫ್ ಯೂ ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡನ್ನೇ ಹಾಡಿದ್ದರು. ಅದೇ ವೆಂಕಟೇಶರ ಬಳಿ ಗಿಟಾರ್ ವಾದಕರಾಗಿ, ಸಹಾಯಕರಾಗಿ ಹಲವು ಕನ್ನಡ ಚಿತ್ರಗಳಿಗೆ ದುಡಿದಿದ್ದ ಇಳಯರಾಜ, 1981ರಲ್ಲಿ ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ಚಿತ್ರಕ್ಕೆ ಸಂಗೀತ ನೀಡಿದಾಗ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ಸಂತೋಷಕ್ಕೆ’ ಗೀತೆಯಲ್ಲಿ ಡಿಸ್ಕೊ ಕನ್ನಡದ್ದಾಯಿತು. ನಾಲ್ಕೂ ಎಣಿಕೆಗೆ ಬೀಳುವ ಕಿಕ್, ಹಾಡಿನೊಂದಿಗೆ ವಾದಕ್ಕಿಳಿದಂತೆ ಓಡಾಡುವ ಬೇಸ್ ಗಿಟಾರ್, ಇವುಗಳ ಮೇಲೆ ಚಿ. ಉದಯಶಂಕರ್ ಅವರ ಸರಳ ಮಾತುಗಳು ಕೂತ ಬಗೆ ಗಮನಾರ್ಹ. ಇಳಯರಾಜರ ವಾದ್ಯವೃಂದದ ಬೇಸ್ ನುಡಿಸಾಣಿಕೆ ಎಣಿಕೆ ಹಿಡಿಯುವ ಕೆಲಸಕ್ಕಷ್ಟೇ ನಿಲ್ಲದೆ ತನ್ನದೇ ಒಂದು ರಾಗವನ್ನು ಕೆಳಗಿನ ಸ್ಥಾಯಿಯಲ್ಲಿ ನಡೆಸುತ್ತಿತ್ತು. ಆ ದೃಷ್ಟಿಯಿಂದ ನೋಡಿದರೆ ಈ ಹಾಡು ಹೆಸರಿಗೆ ಡಿಸ್ಕೊ, ಒಳಗೆ ಫಂಕ್.

ಆದರೆ ಕನ್ನಡದಲ್ಲಿ ಇಂಥ ಹಾಡು ಬಿಡಿ ಸಿಂಗಲ್ ಆಗಿ ಬಿಡುಗಡೆಯಾಗುವ ಪ್ರಶ್ನೆಯೇ ಇರಲಿಲ್ಲ. ಏಳು ಅಂಗುಲದ ತಟ್ಟೆ ಇಲ್ಲಿಯೂ ಇತ್ತಾದರೂ ಅದರಲ್ಲಿ ಚಿತ್ರವೊಂದರ ಎರಡರಿಂದ ನಾಲ್ಕು ಹಾಡುಗಳನ್ನು ತುಂಬುವುದು ವಾಡಿಕೆ. ಗ್ರಾಮಫೋನ್ ಕೊಳ್ಳುವ ಶಕ್ತಿ ಕೆಲವೇ ಮನೆಗಳಿಗಿತ್ತು. ಕ್ಲಬ್ಬು ಎಂಬ ಸ್ಥಳ ದಂಡು ಪ್ರದೇಶದಾಚೆಗೆ ಅಪರಿಚಿತ. ಹಾಡು ಥಿಯೇಟರಿನಲ್ಲಿ, ಆಕಾಶವಾಣಿಯ ಚಿತ್ರಗೀತೆಯ ಹೊತ್ತಿನಲ್ಲಿ, ಹೋಟೆಲಿನ ಧ್ವನಿವರ್ಧಕದಲ್ಲಿ ಕೇಳಿಸುತ್ತಿತ್ತು. ಹಾಗಿದ್ದರೆ ಕುಣಿಯುವ ಜಾಗ ಯಾವುದು?

1949ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಶುರುವಾದ ರಾಜಾಜಿನಗರ, ಆಮೇಲೆ ಅದರ ಆಸುಪಾಸಿನಲ್ಲಿ ಬೆಳೆದ ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳು ಆ ಪ್ರಶ್ನೆಗೆ ಉತ್ತರ. ಗಿರಣಿ, ಕಾರ್ಖಾನೆಗಳ ದುಡಿಮೆಗಾರರು, ಸಣ್ಣ ವ್ಯಾಪಾರಿಗಳು, ಸರ್ಕಾರಿ ನೌಕರರು ತುಂಬಿದ್ದ ಈ ಬಡಾವಣೆಗಳಲ್ಲಿ ಗಣೇಶ ಚೌತಿ, ಅಣ್ಣಮ್ಮ ದೇವಿ ಉತ್ಸವ, ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವಗಳಿಗೆ ರಸ್ತೆಯ ಅಗಲಕ್ಕೆ ಪೆಂಡಾಲು ಹಾಕಿ ಆರ್ಕೆಸ್ಟ್ರಾ ಕರೆಸುವುದು ದಶಕಗಳ ಪದ್ಧತಿ. ಆರ್ಕೆಸ್ಟ್ರಾ ಎಂದರೆ ಇಲ್ಲಿ ಸಿಂಫನಿಯ ವಾದ್ಯಮೇಳವಲ್ಲ. ಕೀಬೋರ್ಡ್, ಗಿಟಾರ್, ತಬಲಾ, ಡ್ರಮ್ ಸೆಟ್ ಅಥವಾ ರಿದಂ ಪ್ಯಾಡ್ ಜೊತೆ ಚಿತ್ರಗೀತೆಗಳನ್ನು ಹಾಡುವ ವಾದ್ಯಗೋಷ್ಠಿ. ಗಣಪತಿ ಸ್ತುತಿಯಿಂದ ಶುರುವಾಗಿ, ರಾಜಕುಮಾರ್ ಗೀತೆಗಳಲ್ಲಿ ಹಿರಿಯರನ್ನು ತೃಪ್ತಿಪಡಿಸಿ, ಹೊತ್ತು ಏರಿದಂತೆ ವೇಗದ ಹಾಡುಗಳಿಗೆ ಹೊರಳುವುದು ಅದರ ಸಾಮಾನ್ಯ ಕ್ರಮ, ಮತ್ತು ಆ ಕೊನೆಯ ಪಾಳಿಯಲ್ಲಿ ಡಿಸ್ಕೊ ಗತಿಯ ಹಾಡುಗಳಿಗೆ ಕಾಯಂ ಜಾಗ.

ಇಲ್ಲಿ ತಂತ್ರದ ಒಂದು ಸಾಮ್ಯವನ್ನು ಗುರುತಿಸಬೇಕು. ಅಮೆರಿಕದ ಡಿಸ್ಕ್ ಜಾಕಿಗಳಿಗೆ ಮೂರ್ನಾಲ್ಕು ನಿಮಿಷದ ಹಾಡು ಕುಣಿತಕ್ಕೆ ಸಾಲದೆ ಹೋದಾಗ ಹುಟ್ಟಿದ್ದು ಹನ್ನೆರಡು ಅಂಗುಲದ ಸಿಂಗಲ್. 1976ರಲ್ಲಿ ಸಾಲ್ಸೋಲ್ ಕಂಪನಿ ಮಾರಾಟಕ್ಕಿಟ್ಟ ‘ಟೆನ್ ಪರ್ಸೆಂಟ್’ ಗೀತೆಯನ್ನು ವಾಲ್ಟರ್ ಗಿಬನ್ಸ್ ಒಂಬತ್ತು ನಿಮಿಷ ಮೀರಿ ಹಿಗ್ಗಿಸಿದ್ದರು. ಅಗಲವಾದ ತಟ್ಟೆಯಲ್ಲಿ ಗೆರೆಗಳ ನಡುವೆ ಹೆಚ್ಚು ಅಂತರ ಸಿಗುವುದರಿಂದ ಮಂದ್ರಸ್ವರಗಳನ್ನು ಗಟ್ಟಿಯಾಗಿ ಕೊರೆಯಲು ಸಾಧ್ಯವಾಯಿತು. ರಾಜಾಜಿನಗರದ ವಾದ್ಯಗೋಷ್ಠಿಯವರು ತಟ್ಟೆಯ ಹಂಗಿಲ್ಲದೆ ಇದೇ ಕೆಲಸ ಮಾಡುತ್ತಿದ್ದರು: ಮುಂದಿನ ಸಾಲಿನ ಹುಡುಗರು ಕುಣಿಯುವಷ್ಟು ಹೊತ್ತು ಚರಣಗಳ ನಡುವಿನ ಬಿಜಿಎಂ, ಅಂದರೆ ವಾದ್ಯಸಂಗೀತವನ್ನು ಎಳೆಯುವುದು, ಹಾಡು ನಿಲ್ಲಿಸಿ ಡ್ರಮ್ ಮಾತ್ರ ಬಿಡುವುದು, ‘ಒನ್ಸ್ ಮೋರ್’ ಕೂಗು ಬಂದರೆ ಪಲ್ಲವಿಗೆ ಮರಳುವುದು. ಇದನ್ನು ಯಾರೂ ಧ್ವನಿಮುದ್ರಿಸಿ ಮಾರದಿದ್ದುದರಿಂದ ಸಂಗೀತ ಚರಿತ್ರೆಯಲ್ಲಿ ಇದಕ್ಕೆ ಸಾಲೊಂದೂ ಸಿಕ್ಕಿಲ್ಲ. ಅನ್ಯಾಯವೆಂದರೆ ಇದೇ.

ಕ್ಯಾಸೆಟ್ ಬಂದ ಮೇಲೆ ಈ ಬೀದಿಯ ರುಚಿ ಮಾರುಕಟ್ಟೆಯ ಲೆಕ್ಕಕ್ಕೂ ಸಿಕ್ಕಿತು. ರಾಜಾಜಿನಗರದಲ್ಲೇ ದೀರ್ಘಕಾಲ ನೆಲೆಸಿದ್ದ ವಿ. ರವಿಚಂದ್ರನ್ 1987ರಲ್ಲಿ ‘ಪ್ರೇಮಲೋಕ’ ನಿರ್ದೇಶಿಸಿದಾಗ, ಸಾಹಿತ್ಯ ಮತ್ತು ಸಂಗೀತ ಎರಡನ್ನೂ ವಹಿಸಿಕೊಂಡ ಹಂಸಲೇಖ ಸ್ವತಃ ಆರ್ಕೆಸ್ಟ್ರಾ ಹಿನ್ನೆಲೆಯವರು. ಸಂಭಾಷಣೆಯನ್ನೇ ಹಾಡಾಗಿಸಿ, ವಿದ್ಯುನ್ಮಾನ ತಾಳವಾದ್ಯದ ಮೇಲೆ ಕೂರಿಸಿದ ಅವರ ರಚನೆಗಳ ಕ್ಯಾಸೆಟ್ಟುಗಳನ್ನು ಬೆಂಗಳೂರಿನದೇ ಆದ ಲಹರಿ ಸಂಸ್ಥೆ ಹೊರತಂದಿತು. ಅಂದಿನಿಂದ ಕನ್ನಡ ಚಿತ್ರದ ಹಾಡುಗಳ ಬಿಡುಗಡೆಯೇ ಚಿತ್ರದ ಬಿಡುಗಡೆಯಷ್ಟು ಮಹತ್ವ ಪಡೆದ ಪ್ರತ್ಯೇಕ ಘಟನೆಯಾಗುತ್ತ ಬಂದಿತು. ಇತ್ತ ‘ಗೀತಾ’ ಚಿತ್ರದ ಶಂಕರ್ ನಾಗ್ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರೂ ಅವರ ಭಾವಚಿತ್ರವನ್ನು ಅಂಟಿಸಿಕೊಂಡ ಆಟೋಗಳು ವಿಜಯನಗರದಿಂದ ಕೆಂಗೇರಿಯವರೆಗೆ ಇಂದಿಗೂ ಓಡಾಡುತ್ತಿವೆ, ‘ಸಂತೋಷಕ್ಕೆ’ ಆರ್ಕೆಸ್ಟ್ರಾಗಳ ಪಟ್ಟಿಯಿಂದ ಇನ್ನೂ ಇಳಿದಿಲ್ಲ.

ಈಗ ಗಾಂಧಿನಗರದ, ಅಂದರೆ ಕನ್ನಡ ಚಿತ್ರೋದ್ಯಮದ, ಭಾಷೆಯಲ್ಲಿ ‘ಫಸ್ಟ್ ಸಿಂಗಲ್’ ಎಂಬ ಮಾತು ಸಲೀಸಾಗಿ ಓಡಾಡುತ್ತದೆ. ಚಿತ್ರ ತೆರೆಗೆ ಬರುವ ವಾರಗಳ ಮುಂಚೆ ಒಂದು ಹಾಡನ್ನು ಸಾಹಿತ್ಯದ ಅಕ್ಷರಗಳು ಮೂಡುವ ಲಿರಿಕಲ್ ವಿಡಿಯೊ ರೂಪದಲ್ಲಿ ಯೂಟ್ಯೂಬಿಗೆ ಬಿಟ್ಟು, ಕಾಲು ನಿಮಿಷದ ರೀಲ್ಸ್‌ಗೆ ಹೊಂದುವ ಹುಕ್ ಸ್ಟೆಪ್ ಒಂದನ್ನು ಅದರೊಳಗೆ ಮೊದಲೇ ಹೊಂಚಿ ಇಡಲಾಗುತ್ತದೆ. ಅರ್ಧ ಶತಮಾನದ ಹಿಂದೆ ಬಿ ಸೈಡಿಗೆಂದು ಮಾಡಿದ್ದನ್ನು ಕುಣಿಯುವವರು ಎತ್ತಿ ಹಿಡಿದಿದ್ದರೆ, ಇಂದು ಕುಣಿಯಬೇಕಾದ ಹೆಜ್ಜೆಯನ್ನೂ ಕಂಪನಿಯೇ ಮುಂಗಡವಾಗಿ ಕಳಿಸುತ್ತದೆ. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಬಳಸುವಂತಿಲ್ಲವೆಂಬ 2000ದ ಶಬ್ದಮಾಲಿನ್ಯ ನಿಯಮದಿಂದ ಅವಧಿ ಕಿರಿದಾದ ಬೀದಿ ಆರ್ಕೆಸ್ಟ್ರಾಗಳಲ್ಲಿ ಮಾತ್ರ ಹಳೆಯ ಪದ್ಧತಿ ಉಳಿದಿದೆ: ಯಾವ ಹಾಡು ಎರಡನೆಯ ಬಾರಿ ಬರಬೇಕು, ಯಾವುದನ್ನು ಅರ್ಧಕ್ಕೆ ಬಿಡಬೇಕು ಎಂಬುದನ್ನು ವೇದಿಕೆಯ ಮೇಲಿನವರು ಕೆಳಗಿನವರ ಕಾಲು ನೋಡಿಯೇ ತೀರ್ಮಾನಿಸುತ್ತಾರೆ.